ಕೊಳದಿಂದ ಕಡಲಿಗೆ: ವೇಳಾಂಕಣ್ಣಿಯನ್ನು ಕಥೆಯ ಕ್ರಮದಲ್ಲಿ ನಡೆಸಿದ ನನ್ನ ಅನುಭವ

ತಮಿಳುನಾಡಿನ ಕಡಲತೀರದಲ್ಲಿರುವ ಮರಿಯಮ್ಮನವರ ಯಾತ್ರಾಸ್ಥಳ ವೇಳಾಂಕಣ್ಣಿಗೆ ಬಸ್ಸು ಹೊರಡಿಸುವವರಿಗೆ ಪರ್ಮಿಟ್, ರೂಮು, ಅಡುಗೆಯವರ ವಿಷಯ ನಾನು ಹೇಳಿಕೊಡಬೇಕಿಲ್ಲ. ನಾನು ಬರೆಯುತ್ತಿರುವುದು ಊರು ತೋರಿಸುವ ಕ್ರಮದ ಬಗ್ಗೆ. ಎಲ್ಲರೂ ಬಸ್ಸಿಳಿದ ಕೂಡಲೇ ಜನರನ್ನು ಬೆಸಿಲಿಕಕ್ಕೆ, ಅಂದರೆ ಮಾತೆಯ ದೊಡ್ಡ ಇಗರ್ಜಿಗೆ, ಕರೆದೊಯ್ಯುತ್ತಾರೆ. ನಾನು ಮಾತೆಯ ಮೂರು ಕಥೆಗಳ ಕ್ರಮದಲ್ಲಿ ಕೊಳದಿಂದ ಶುರು ಮಾಡಿ, ಬೆಸಿಲಿಕವನ್ನು ಮೂರನೆಯದಾಗಿ ಇಟ್ಟೆ. "ಅಮ್ಮನ ಮುಖ ನೋಡದೆ ಯಾರು ನಿನ್ನ ಹಿಂದೆ ಕೊಳದ ಹತ್ತಿರ ಬರ್ತಾರಪ್ಪಾ?" ಅಂತ ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಹಿರಿಯರೊಬ್ಬರು ನೇರವಾಗಿ ಕೇಳಿದ್ದರು. ಈ ಜನವರಿಯ ಗುಂಪಿನಲ್ಲಿ ಅವರೇ ಮುಂದೆ ನಡೆದರು.

ಈ ಯೋಚನೆ ಹುಟ್ಟಿದ್ದು ಒಂದು ದೊಡ್ಡ ನಷ್ಟದಿಂದ. ಮೊದಲ ವರ್ಷ ಮಾತೆಯ ಹಬ್ಬಕ್ಕೇ ಹೋಗಿದ್ದೆವು. ಆಗಸ್ಟ್ 29ಕ್ಕೆ ಧ್ವಜಾರೋಹಣವಾದರೆ ಸೆಪ್ಟೆಂಬರ್ 8ರವರೆಗೆ ಆ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಉಟ್ಟು ದಿನಗಟ್ಟಲೆ ನಡೆದು ಬಂದವರು, ಮುಡಿ ಕೊಡುವವರು, ತೆಂಗಿನ ಸಸಿ ಹೊತ್ತವರು. 7ರ ಸಂಜೆ ತೇರಿನ ನೂಕುನುಗ್ಗಲಿನಲ್ಲಿ ನಮ್ಮ ಇಬ್ಬರು ಅಜ್ಜಿಯರು ಕೈತಪ್ಪಿದರು. ಸಿಕ್ಕಿದ್ದು ರಾತ್ರಿ ಹನ್ನೊಂದರ ಮೇಲೆ. ರೂಮಿನ ಬಾಡಿಗೆ ಮೂರು ಪಟ್ಟು, ಬಸ್ಸು ನಿಲ್ಲಿಸಲು ಎರಡು ಕಿಲೋಮೀಟರ್ ದೂರ. ತಲೆಗೆ 2,200 ರೂಪಾಯಿಯಂತೆ ತೆಗೆದುಕೊಂಡಿದ್ದೆ. ಲೆಕ್ಕ ಮುಗಿಸಿದಾಗ ಕೈಯಿಂದ ಹೋದದ್ದು ಸುಮಾರು 22,000. ಹಣಕ್ಕಿಂತ ಹೆಚ್ಚು ನೋಯಿಸಿದ್ದು ವಾಪಸ್ ಬರುವಾಗ ಒಬ್ಬ ಹುಡುಗಿ ಕೇಳಿದ ಮಾತು: "ಅಂಕಲ್, ಅಲ್ಲಿ ಏನಾಗಿತ್ತು ಅಂತ ಯಾರೂ ಹೇಳಲೇ ಇಲ್ಲವಲ್ಲ?"

ಮರುವರ್ಷ ಬಸ್ಸಿನಲ್ಲಿ ಮೈಕು ಹಿಡಿದು ಚರಿತ್ರೆ ಹೇಳಿದೆ. ಸೇಲಂ ದಾಟುವ ಹೊತ್ತಿಗೆ ಎಚ್ಚರ ಇದ್ದವನು ಡ್ರೈವರ್ ಒಬ್ಬನೇ. ಅದರ ಮುಂದಿನ ಸಲ ಕೊಳದಿಂದಲೇ ಶುರು ಮಾಡಿದೆ, ಆದರೆ ಬೆಳಿಗ್ಗೆ ಹತ್ತಕ್ಕೆ. ಬರಿಗಾಲಲ್ಲಿ ಹೊರಟವರ ಅಂಗಾಲು ಆ ಮರಳಿನಲ್ಲಿ ಸುಟ್ಟುಹೋಯಿತು. ಅರ್ಧ ಜನ ನೆರಳು ಹುಡುಕಿ ಚದುರಿದರು. ಕ್ರಮ ಸರಿಯಿತ್ತು, ಗಳಿಗೆ ತಪ್ಪಿತ್ತು.

ಈಗ ಮಾಡುವುದು ಹೀಗೆ. ಜನವರಿ ಕೊನೆಯ ವಾರ, ನಡುವಾರದ ದಿನ. ಬೆಂಗಳೂರಿನಿಂದ ಹತ್ತಿರ ಹತ್ತಿರ 500 ಕಿಲೋಮೀಟರ್, ಸಂಜೆ ಐದಕ್ಕೆ ಹೊರಟು ನಸುಕಿನಲ್ಲಿ ಸೇರುತ್ತೇವೆ. ಮುಖ ತೊಳೆದು, ಕಾಫಿ ಕುಡಿದು, ಐದೂವರೆಗೆ ಮಾತಾ ಕೊಳದ ಹತ್ತಿರ ಇರಬೇಕು. ದಣಿದು ಬಂದವರು ಅಮ್ಮನನ್ನು ನೋಡದೆ ಅಷ್ಟು ಹೊತ್ತು ತಾಳುವಂತೆ ಮಾಡಲು ನನ್ನ ಹತ್ತಿರ ಒಂದು ಉಪಾಯವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೊಳದ ಕಥೆ ನಿಮಗೆ ಗೊತ್ತು: ನಾಗಪಟ್ಟಿಣದ ಯಜಮಾನನಿಗೆ ಹಾಲು ಒಯ್ಯುತ್ತಿದ್ದ ಹುಡುಗ, ಮಗುವಿಗೆ ಹಾಲು ಕೇಳಿದ ತಾಯಿ, ಕೊಟ್ಟ ಮೇಲೂ ತುಂಬಿದ್ದ ಗಡಿಗೆ. ಅದನ್ನು ಬಾಯಲ್ಲಿ ಹೇಳಿದರೆ ಎರಡು ನಿಮಿಷ. ನಾನು ಹಿತ್ತಾಳೆ ಚೊಂಬಿನಲ್ಲಿ ಹಾಲು ಒಯ್ಯುತ್ತೇನೆ. ಗುಂಪಿನ ಅತಿ ಚಿಕ್ಕ ಮಗು ಎಲ್ಲರ ಅಂಗೈಗೆ ಒಂದೊಂದು ಹನಿ ಹಾಕುತ್ತದೆ. ಒಂದು ಸಲ ಬೆಂಗಳೂರಿನಿಂದಲೇ ಹಾಲು ತಂದು ಅದು ದಾರಿಯಲ್ಲೇ ಒಡೆದುಹೋಯಿತು, ಈಗ ತಂಜಾವೂರು ದಾಟಿದ ಮೇಲೆ ಕೊಳ್ಳುತ್ತೇನೆ. ಈ ವರ್ಷ ಚೊಂಬು ಹಿಡಿದವಳು ಐದು ವರ್ಷದವಳು. ನಲವತ್ತೈದು ಜನರ ಕೈಗೆ ಹಾಕಿ ಮುಗಿಸಿ, ಚೊಂಬಿನೊಳಗೆ ಇಣುಕಿ ನೋಡಿ, "ಇನ್ನೂ ಇದೆ" ಅಂದಳು. ಅಲ್ಲಿ ನಿಂತ ಯಾರಿಗೂ ನಾನು ಇನ್ನೇನೂ ವಿವರಿಸಬೇಕಾಗಲಿಲ್ಲ.

ಎರಡನೆಯದು ನಡು ತಿಟ್ಟು. ಹೆಸರು ತಮಿಳಾದರೂ ನಮಗೆ ಬಿಡಿಸಿ ಹೇಳಬೇಕಿಲ್ಲ, ನಡುವಿನ ದಿಬ್ಬ. ಕಾಲು ಊನವಿದ್ದ ಹುಡುಗ ಆಲದ ನೆರಳಲ್ಲಿ ಮಜ್ಜಿಗೆ ಮಾರುತ್ತಿದ್ದ ಜಾಗ. ತಾಯಿ ಮಗುವಿಗೆಂದು ಮಜ್ಜಿಗೆ ಕೇಳಿದಳು, ಕುಡಿಸಿದಳು, ನಾಗಪಟ್ಟಿಣಕ್ಕೆ ಹೋಗಿ ಅಲ್ಲಿನ ಒಬ್ಬ ಕ್ರೈಸ್ತನಿಗೆ ಗುಡಿ ಕಟ್ಟಲು ಹೇಳು ಅಂದಳು. ಅವನು ಎದ್ದು ಓಡಿದ. ಆಮೇಲೆ ಎದ್ದದ್ದು ಹುಲ್ಲು ಹೊದಿಸಿದ ಗುಡಿ. ಇಲ್ಲಿ ನಾನು ಮಜ್ಜಿಗೆ ಹಂಚುತ್ತೇನೆ, ಶುಂಠಿ ಕರಿಬೇವು ಹಾಕಿದ್ದು, ಖರ್ಚು ಐನೂರರೊಳಗೆ. ನಡೆಯಲಾಗದವರನ್ನು ಇಲ್ಲಿಗೆ ಆಟೊದಲ್ಲಿ ಕರೆಸುತ್ತೇನೆ. ಕಾಲಿನ ನೋವಿರುವವರು ಇಲ್ಲಿ ಇರಲೇಬೇಕು, ಇದು ಅವರ ಜಾಗ.

ಅಲ್ಲಿಂದ ಮರಳ ದಾರಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ ಸ್ಥಳಗಳು ಅಲ್ಲೇ ಇವೆ. ನೆನಪಿಡಿ, ಹರಕೆ ಹೊತ್ತವರು ಬೆಸಿಲಿಕದ ಕಡೆಯಿಂದ ಕೊಳದತ್ತ ಮಂಡಿಯೂರಿ ಬರುತ್ತಿರುತ್ತಾರೆ, ನಾವು ಎದುರು ದಿಕ್ಕು. ನಮ್ಮವರು ಅಂಚಿನಲ್ಲಿ ಒಂದೇ ಸಾಲಿನಲ್ಲಿ ಜಪಸರ ಹೇಳುತ್ತ ನಡೆಯಬೇಕು. ಮಂಡಿಯಲ್ಲಿ ಬರುವವರು ಎದುರಾದರೆ ನಿಲ್ಲಬೇಕು, ಫೋಟೊ ತೆಗೆಯಕೂಡದು. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು.

ಏಳೂವರೆಯ ಹೊತ್ತಿಗೆ ಆ ಬಿಳಿ ಗೋಪುರಗಳ ಕೆಳಗೆ ನಿಲ್ಲುತ್ತೇವೆ. ಮೂರನೆಯ ಕಥೆಯನ್ನು ಹೇಳುವುದು ಇಲ್ಲಿ: ಹದಿನೇಳನೆಯ ಶತಮಾನದಲ್ಲಿ ಚೀನಾದ ಮಕಾವಿನಿಂದ ಸಿಲೋನಿಗೆ (ಈಗಿನ ಶ್ರೀಲಂಕಾ) ಹೊರಟ ಪೋರ್ಚುಗೀಸ್ ಹಡಗು ಬಿರುಗಾಳಿಗೆ ಸಿಕ್ಕಿತು, ನಾವಿಕರು ಮಾತೆಗೆ ಮೊರೆಯಿಟ್ಟರು, ದಡ ಮುಟ್ಟಿದ್ದು ಮಾತೆಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರಂದು. ಹುಲ್ಲಿನ ಗುಡಿಯ ಜಾಗದಲ್ಲಿ ಅವರು ಗಟ್ಟಿ ಗುಡಿ ಕಟ್ಟಿದರು. ಇನ್ನೊಮ್ಮೆ ಬಂದಾಗ ಬೈಬಲ್ ಚಿತ್ರಗಳಿರುವ ಪಿಂಗಾಣಿ ತಟ್ಟೆಗಳನ್ನು ತಂದರು, ಅವು ಇವತ್ತಿಗೂ ಬಲಿಪೀಠದಲ್ಲಿವೆ. ಹತ್ತು ಸಲ ಬಂದಿದ್ದೇನೆ ಅನ್ನುವವರಿಗೂ ಆ ತಟ್ಟೆಗಳು ಕಂಡಿರುವುದಿಲ್ಲ. ಒಳಗೆ ಹೋಗುವ ಮುಂಚೆ ಹೇಳಿದರೆ ಎಲ್ಲರ ಕಣ್ಣೂ ಮೊದಲು ಸೀರೆ ಉಟ್ಟ ಅಮ್ಮನ ಕಡೆ, ಆಮೇಲೆ ಆ ತಟ್ಟೆಗಳ ಕಡೆ ಹೋಗುತ್ತದೆ. 1962ರಲ್ಲಿ ಪೋಪ್ 23ನೇ ಜಾನ್ ಇದನ್ನು ಬೆಸಿಲಿಕ ಎಂದು ಘೋಷಿಸಿದ್ದನ್ನೂ, ಹಿಂದಿನ ವಿಸ್ತರಣೆ 1970ರ ದಶಕದ್ದು ಅನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಬಿಟ್ಟುಬಿಡುತ್ತೇನೆ. ಹೊಟ್ಟೆ ಹಸಿದಿರುತ್ತದೆ.

ಊಟವಾದ ಮೇಲೆ ಹರಕೆ ತೀರಿಸಲು ಭಕ್ತರು ಒಪ್ಪಿಸಿದ ಕಾಣಿಕೆಗಳ ಸಂಗ್ರಹ. ಬೆಳ್ಳಿಯ ಕೈಕಾಲು, ತೊಟ್ಟಿಲು. ಮಾತಾಡದೆ ಬಿಟ್ಟರೆ ಜನ ತಾವೇ ಒಂದು ಗಂಟೆ ನಿಲ್ಲುತ್ತಾರೆ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ನಾಗಪಟ್ಟಿಣದಿಂದ ಹತ್ತು ಕಿಲೋಮೀಟರ್ ರೈಲು ದಾರಿ 2010ರಲ್ಲೇ ಬಂದಿದೆ, ರೈಲಿನಲ್ಲಿ ಹೋದರೆ ತಲೆಗೆ ಆರೇಳು ನೂರು ಉಳಿಯುತ್ತದೆ. ಆದರೆ ಗಾಡಿ ಬದಲಿಸುವಾಗ ವಯಸ್ಸಾದವರು ಸುಸ್ತಾದರು, ನಸುಕಿನ ಗಳಿಗೆಯೂ ತಪ್ಪಿತು. ಬಿಟ್ಟೆ. ನಾಗಪಟ್ಟಿಣದ ಹತ್ತಿರದ ನಾಗೂರು ದರ್ಗಾ ಸೇರಿಸಿದ್ದು ಮಾತ್ರ ಉಳಿಯಿತು. ಐದು ಮಿನಾರುಗಳಲ್ಲಿ ಅತಿ ಎತ್ತರದ್ದು 131 ಅಡಿ, ಕಟ್ಟಿಸಿದವನು ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹ. ಎರಡೂ ಕಡೆ ಹರಕೆ ಹೊರುವ ಕುಟುಂಬಗಳು ಆ ದಾರಿಯಲ್ಲಿ ಸಿಗುತ್ತವೆ.

ಈಗ ತಲೆಗೆ 2,900 ತೆಗೆದುಕೊಳ್ಳುತ್ತೇನೆ. ಈ ಸಲ ಎಲ್ಲ ಕಳೆದು ಎಂಟು ಸಾವಿರದಷ್ಟು ಉಳಿಯಿತು, ಮುಂದಿನ ವರ್ಷದ ಬಸ್ಸು ಅರ್ಧ ಈಗಲೇ ತುಂಬಿದೆ.

ಕೊನೆಗೆ ಸಂಜೆ ಕಡಲು. ಇಲ್ಲಿ ನಾನು 2004ರ ಡಿಸೆಂಬರ್ 26ನ್ನು ಹೇಳುತ್ತೇನೆ. ಕ್ರಿಸ್ಮಸ್ ಮರುದಿನ, ಭಾನುವಾರ ಬೆಳಿಗ್ಗೆ, ಈ ದಡದಲ್ಲಿದ್ದ ಯಾತ್ರಿಕರನ್ನು ಸುನಾಮಿ ಎಳೆದೊಯ್ದಿತು. ನಾವಿಕರನ್ನು ದಡ ಮುಟ್ಟಿಸಿದ ಕಡಲೇ ಇದು. ಈ ಜನವರಿಯಲ್ಲಿ ಆ ಮಾತು ಹೇಳಿ ಸುಮ್ಮನಾದಾಗ, ಮೊದಲು ನನ್ನನ್ನು ಪ್ರಶ್ನಿಸಿದ್ದ ಹಿರಿಯರು ಮೇಣದಬತ್ತಿಯೊಂದನ್ನು ಮರಳಿನಲ್ಲಿ ಊರಿ, ಗಾಳಿಗೆ ಅಂಗೈ ಅಡ್ಡ ಹಿಡಿದು, ಅದು ಪೂರ್ತಿ ಉರಿದು ಮುಗಿಯುವವರೆಗೆ ಕೂತಿದ್ದರು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು.