ಉಳುಕಿದ ಕಾಲು ಮತ್ತೆ ಉಳುಕದ ಹಾಗೆ

ಆಟದ ನಡುವೆ ಕಾಲು ಉಳುಕುತ್ತದೆ. ಎರಡು ದಿನ ಊತ, ನಾಲ್ಕು ದಿನ ಕುಂಟು. ನೋವು ಕಮ್ಮಿ ಆಯಿತು ಅಂತ ವಾರದೊಳಗೇ ಮೈದಾನಕ್ಕೆ ಇಳಿಯುತ್ತೇವೆ. ತಿಂಗಳು ತುಂಬುವ ಮೊದಲೇ ಅದೇ ಕಾಲು ಮತ್ತೆ ಉಳುಕುತ್ತದೆ. ಆಡುವವರಿಗೆಲ್ಲ ಗೊತ್ತಿರುವ ಕಥೆಯೇ ಇದು, ಅಲ್ವಾ? ಹಣೆಬರಹ ಅಂತ ಸುಮ್ಮನಾಗಬೇಡಿ. ಒಮ್ಮೆ ಪೆಟ್ಟಾದ ಜಾಗಕ್ಕೇ ಮತ್ತೆ ಪೆಟ್ಟಾಗುವುದು ಜಾಸ್ತಿ. ಅದಕ್ಕೆ ಕಾರಣವೂ ಇದೆ, ತಡೆಯುವ ದಾರಿಯೂ ಇದೆ.

ಪಾದ ಒಳಕ್ಕೆ ಮಗುಚಿದಾಗ ಹೊರಬದಿಯ ಲಿಗಮೆಂಟ್ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಮೂಳೆಗೆ ಮೂಳೆಯನ್ನು ಕಟ್ಟಿಹಾಕುವ ಪಟ್ಟಿ ಅದು. ಅದರೊಳಗೆ ನರದ ತುದಿಗಳೂ ಇವೆ. ಪಾದ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದರಲ್ಲಿ ಅವುಗಳ ಪಾಲಿದೆ. ನೋವು ಹೋದ ಮೇಲೂ ಈ ಸಮತೋಲನದ ಅರಿವು ಪೂರ್ತಿ ಮರಳಿರುವುದಿಲ್ಲ. ಅದನ್ನು ಮತ್ತೆ ಕಲಿಸಬೇಕು.

ಕಲಿಸುವುದು ಸುಲಭ. ಗೋಡೆಯ ಪಕ್ಕ ಒಂಟಿಕಾಲಿನಲ್ಲಿ 30 ಸೆಕೆಂಡ್ ನಿಲ್ಲಿ. ಮಂಡಿ ಸ್ವಲ್ಪ ಬಗ್ಗಿರಲಿ. ಪ್ರತಿ ಕಾಲಿಗೆ ಮೂರು ಸಲ, ದಿನಾ. ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಆಮೇಲೆ ಒಂಟಿಕಾಲಿನಲ್ಲೇ ಚೆಂಡು ಎಸೆದು ಹಿಡಿಯಿರಿ. ಯಾವತ್ತೂ ಉಳುಕದವರೂ ಇದನ್ನು ಮಾಡಲಿ ಎಂಬುದು ನನ್ನ ಆಸೆ.

ಆಟಕ್ಕೆ ಮುಂಚೆ

ಮೊದಲು ಐದು ನಿಮಿಷ ನಿಧಾನವಾಗಿ ಓಡಿ. ನಂತರ ಕಾಲು ಬೀಸುವುದು, ಮಂಡಿ ಎತ್ತಿ ನಡೆಯುವುದು, ಅಡ್ಡಡ್ಡ ಹೆಜ್ಜೆ ಹಾಕುವುದು. ಕೊನೆಗೆ ಎರಡು ಮೂರು ವೇಗದ ಓಟ. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಎಳೆದು ಹಿಡಿಯುವ ಸ್ಟ್ರೆಚಿಂಗ್ ಆಟದ ನಂತರಕ್ಕಿರಲಿ. ಮುಂಚೆಯೇ ಮಾಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ.

ಫುಟ್‌ಬಾಲ್ ಆಡುವವರಿಗೆ ಫಿಫಾದವರ '11+' ಎಂಬ ವಾರ್ಮ್ ಅಪ್ ಇದೆ. ಸುಮಾರು 20 ನಿಮಿಷ, 15 ವ್ಯಾಯಾಮ. ವಾರಕ್ಕೆ ಕನಿಷ್ಠ ಎರಡು ಸಲ ಮಾಡಬೇಕು. ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಚೆನ್ನಾಗಿಯೇ ಕಮ್ಮಿಯಾಗಿವೆ. ಅದರಲ್ಲಿರುವ ಒಂದು ವ್ಯಾಯಾಮವನ್ನು ಓಡುವವರೆಲ್ಲ ಕಲಿಯಬೇಕು: ತೊಡೆಯ ಹಿಂಭಾಗದ ಸ್ನಾಯುವಿಗಾಗಿ ಇರುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್. ಮಂಡಿಯೂರಿ ನೆಟ್ಟಗೆ ನಿಲ್ಲಿ. ಜೊತೆಗಾರರು ಹಿಂದಿನಿಂದ ಪಾದದ ಕೀಲುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ತಡೆಯಲಾಗದೆ ಹೋದಾಗ ಕೈ ಊರಿ. ಶುರುವಿನಲ್ಲಿ ಮೂರರಿಂದ ಐದು ಸಲ ಸಾಕು. ಮೊದಮೊದಲು ತೊಡೆಯ ಹಿಂಭಾಗ ನೋಯುತ್ತದೆ, ಹೆದರಬೇಡಿ.

ಇನ್ನು ಮಂಡಿ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಯಾರೂ ಗುದ್ದದೆಯೇ ಹರಿಯುವುದು ಹೆಚ್ಚು. ಜಿಗಿದು ಇಳಿಯುವಾಗ ಅಥವಾ ಓಡುತ್ತಾ ಗಕ್ಕನೆ ತಿರುಗುವಾಗ ಮಂಡಿ ಒಳಕ್ಕೆ ಕುಸಿಯುತ್ತದೆ, ಅಷ್ಟೇ. ಹುಡುಗಿಯರಲ್ಲಿ ಇದರ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಿ: ಸದ್ದಿಲ್ಲದೆ, ಮಂಡಿ ಬಗ್ಗಿಸಿ, ಮಂಡಿ ಕಾಲ್ಬೆರಳುಗಳ ನೇರಕ್ಕೇ ಇರುವಂತೆ.

ಎಲ್ಲ ಪೆಟ್ಟೂ ಒಂದೇ ಕ್ಷಣದಲ್ಲಿ ಆಗುವುದಿಲ್ಲ. ಓಟವನ್ನು ಏಕಾಏಕಿ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಮೂಳೆಯ ಉದ್ದಕ್ಕೂ ನೋವು ಬರುತ್ತದೆ. ಓಟ ಕಡಿಮೆ ಮಾಡಿ, ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ. ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವಿದ್ದು, ಮಲಗಿದಾಗಲೂ ಕಾಡಿದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಡಾಕ್ಟರಿಗೆ ತೋರಿಸಿ.

ಉಳುಕಿದ ದಿನ

ಆಟ ನಿಲ್ಲಿಸಿ. ಬಟ್ಟೆ ಸುತ್ತಿದ ಐಸ್ 15–20 ನಿಮಿಷ ಇಡಿ. ಬ್ಯಾಂಡೇಜ್ ಕಟ್ಟಿ, ಕಾಲು ಎತ್ತರಕ್ಕಿಡಿ. ಜೋರಾಗಿ ತಿಕ್ಕಬೇಡಿ. ಪಾದದ ಕೀಲಿನ ಬದಿಯಲ್ಲಿ ಉಬ್ಬಿ ಕಾಣುವ ಮೂಳೆಯನ್ನು ಮುಟ್ಟಿದರೆ ನೋವು, ಅಥವಾ ನಾಲ್ಕು ಹೆಜ್ಜೆಯೂ ನಡೆಯಲಾಗದು ಎಂದಾದರೆ ಎಕ್ಸ್-ರೇ ಬೇಕು.

ವಿಶ್ರಾಂತಿ, ಐಸ್, ಬ್ಯಾಂಡೇಜ್, ಕಾಲು ಎತ್ತರಕ್ಕಿಡುವುದು ಎಂಬ 'ರೈಸ್' ಸೂತ್ರವನ್ನು 1978ರಲ್ಲಿ ಹೇಳಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಪೂರ್ತಿ ವಿಶ್ರಾಂತಿ, ಐಸ್ ಎರಡೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು ಮುಂದೆ ಅವರೇ ಹೇಳಿದರು. ಆದ್ದರಿಂದ ಐಸ್ ನೋವು ತಗ್ಗಿಸಲು ಮಾತ್ರ. ಮೂಳೆಗೆ ಏನೂ ಆಗಿಲ್ಲ ಎಂದಾದರೆ ಒಂದೆರಡು ದಿನದಲ್ಲೇ ಪಾದವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ.

ತಲೆಗೆ ಪೆಟ್ಟಾಗಿ ತಲೆ ಸುತ್ತಿದರೆ, ಮಂಕು ಕವಿದರೆ ಮಾತ್ರ ಲೆಕ್ಕವೇ ಬೇರೆ. ಅವತ್ತು ಮತ್ತೆ ಆಡಲೇಬಾರದು. ಡಾಕ್ಟರು ನೋಡಲೇಬೇಕು.

ಮರಳುವ ಮುನ್ನ

ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ, ಕಾಲನ್ನು ಕೇಳಿ. ಒಂಟಿಕಾಲಿನಲ್ಲಿ 30 ಸೆಕೆಂಡ್ ನಿಲ್ಲಲು ಬರುತ್ತದಾ? ಅದೇ ಕಾಲಿನಲ್ಲಿ ಕುಪ್ಪಳಿಸಿದರೆ ಇನ್ನೊಂದರಷ್ಟೇ ದೂರ ಹೋಗುತ್ತದಾ? ಎಂಟರ ಆಕಾರದಲ್ಲಿ ಓಡಿದರೆ, ಗಕ್ಕನೆ ತಿರುಗಿದರೆ ನೋವಿಲ್ಲವಾ? ಎಲ್ಲಕ್ಕೂ ಹೌದು ಎಂದಾದರೆ ಮೊದಲು ಅಭ್ಯಾಸಕ್ಕೆ ಹೋಗಿ, ಪಂದ್ಯ ಆಮೇಲೆ. ಮೊದಲ ಕೆಲವು ತಿಂಗಳು ಆಡುವಾಗ ಪಾದದ ಕೀಲಿಗೆ ಆಸರೆಯಾಗುವ ಬ್ರೇಸ್ ಅಥವಾ ಟೇಪ್ ಹಾಕಿಕೊಳ್ಳಿ. ಬ್ರೇಸ್ ಇದೆಯಲ್ಲ ಅಂತ ಒಂಟಿಕಾಲಿನ ಅಭ್ಯಾಸ ಮಾತ್ರ ಬಿಡಬೇಡಿ. ಅದಕ್ಕೆ ಬೇರೆ ಸಮಯವೂ ಬೇಕಿಲ್ಲ, ಹಲ್ಲುಜ್ಜುವಾಗಲೇ ಮಾಡಬಹುದು.