ಹಲ್ಲು ಕೀಳುವ ಮೊದಲು ಗಲ್ಲ ಮುಟ್ಟಿ ನೋಡಲು ಕಲಿತದ್ದು

ಸಿಂಧನೂರಿನಲ್ಲಿ ದಂತವೈದ್ಯನಾಗಿರುವ ನನಗೆ ಅಲ್ಲಾಡುವ ಹಲ್ಲು ಹೊಸದಲ್ಲ. ಗುಟ್ಕಾ, ಎಲೆ-ಅಡಿಕೆ, ವರ್ಷಗಟ್ಟಲೆ ಕಟ್ಟಿದ ಪಾಚಿಯಿಂದ ವಸಡು ಸಡಿಲಗೊಂಡವರು ದಿನವೂ ಬರುತ್ತಾರೆ. 2021ರ ಜೂನ್‌ನಲ್ಲಿ ಆ ರೂಢಿಯೇ ನನ್ನ ದಾರಿ ತಪ್ಪಿಸಿತು.

ಕೋವಿಡ್‌ನಿಂದ ಚೇತರಿಸಿಕೊಂಡು ಮೂರು ವಾರವಾಗಿದ್ದ, ಸಕ್ಕರೆ ಕಾಯಿಲೆಯಿದ್ದ ರೈತರೊಬ್ಬರು ಬಲಗಡೆಯ ಮೇಲ್ದವಡೆ ನೋಯುತ್ತಿದೆಯೆಂದು ಬಂದರು. ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು, ಕಿತ್ತೆ. ಹತ್ತು ದಿನ ಕಳೆದರೂ ಆ ಗುಣಿ ಮಾಯಲಿಲ್ಲ. ತಳದಲ್ಲಿ ಬೂದುಬಣ್ಣದ ಒಣ ಮೂಳೆ ಕಾಣುತ್ತಿತ್ತು, ಪಕ್ಕದ ಮೂರು ಹಲ್ಲುಗಳು ಒಂದೇ ತುಂಡಿನಂತೆ ಒಟ್ಟಿಗೆ ಅಲುಗುತ್ತಿದ್ದವು. "ಗಲ್ಲ ಜೋಮು ಹಿಡದದ ರೀ ಡಾಕ್ಟ್ರೇ, ಅವತ್ತು ನೀವು ಕೊಟ್ಟ ಸೂಜಿ ಇನ್ನೂ ಇಳಿದಿಲ್ಲೇನೋ" ಎಂದರು. ಸೂಜಿಯ ಜೋಮು ಕೆಲವು ಗಂಟೆಗಳದ್ದು. ವಿಚಾರಿಸಿದಾಗ ಅದು ಹಲ್ಲು ಕೀಳಿಸುವ ಮೊದಲೇ ಇತ್ತೆಂದು ತಿಳಿಯಿತು, ನಾನು ಕೇಳಿರಲಿಲ್ಲ.

ಅವರಿಗಿದ್ದದ್ದು ಮ್ಯೂಕರ್ ಗುಂಪಿನ ಶಿಲೀಂಧ್ರದ ಸೋಂಕು. ಇದರ ಬೀಜಕಣಗಳು ಮಣ್ಣಿನಲ್ಲಿ, ತಿಪ್ಪೆಯಲ್ಲಿ, ಕೊಳೆತ ಹುಲ್ಲಿನಲ್ಲಿ ಇರುತ್ತವೆ, ಅವನ್ನು ನಾವೆಲ್ಲರೂ ಉಸಿರಾಡುತ್ತೇವೆ. ಸಕ್ಕರೆ ಹತೋಟಿ ತಪ್ಪಿ ರಕ್ತ ಆಮ್ಲೀಯವಾದಾಗ, ಅಥವಾ ಸ್ಟೀರಾಯ್ಡ್‌ನಿಂದ ಬಿಳಿ ರಕ್ತಕಣಗಳು ಮಂಕಾದಾಗ ಹೆಚ್ಚಾಗಿ ಅದು ಮೂಗಿನಿಂದ ಅದರ ಅಕ್ಕಪಕ್ಕದ ಗಾಳಿಗೂಡುಗಳಾದ ಸೈನಸ್‌ಗೆ, ಅಲ್ಲಿಂದ ಅಂಗುಳಕ್ಕೂ ಕಣ್ಣಿಗೂ ಹಬ್ಬುತ್ತದೆ. ರಕ್ತನಾಳಗಳ ಗೋಡೆಯನ್ನು ಹೊಕ್ಕು ಹೆಪ್ಪುಗಟ್ಟಿಸುವುದರಿಂದ ಮುಂದಿನ ಭಾಗಕ್ಕೆ ರಕ್ತ ಸಿಗದೆ ಆ ಭಾಗ ಸಾಯುತ್ತದೆ. ಕಾಣುವ ಕಪ್ಪು ಆ ಸತ್ತ ಮಾಂಸದ್ದು, ಶಿಲೀಂಧ್ರದ್ದಲ್ಲ. 'ಕಪ್ಪು ಶಿಲೀಂಧ್ರ' ಎಂಬ ಹೆಸರು ಈ ಕಾರಣಕ್ಕೇ ಕೆಡುಕು ಮಾಡಿತೆಂದು ನನ್ನ ಭಾವನೆ, ಏಕೆಂದರೆ ಕಪ್ಪು ಕಾಣಲೆಂದು ಕಾದವರು ಬಂದಾಗ ಬಹಳ ತಡವಾಗಿರುತ್ತಿತ್ತು.

ಅಂದಿನಿಂದ ಮಧುಮೇಹಿಯ ಮೇಲ್ದವಡೆಯ ಹಲ್ಲಿಗೆ ಇಕ್ಕಳ ಹಾಕುವ ಮುನ್ನ, ಹತ್ತಿಯ ಎಳೆಯಿಂದ ಎರಡೂ ಗಲ್ಲ ಹಾಗೂ ಮೇಲ್ದುಟಿಯನ್ನು ಸವರಿ, ಎರಡೂ ಕಡೆ ಒಂದೇ ರೀತಿ ತಿಳಿಯುತ್ತದೆಯೇ ಎಂದು ಕೇಳುತ್ತೇನೆ. ವಸಡಿನ ಸಂದು ಆಳವಿಲ್ಲದೆಯೇ ಅಕ್ಕಪಕ್ಕದ ಹಲ್ಲುಗಳು ಒಟ್ಟಿಗೆ ಅಲುಗಿದರೆ, ವಸಡಿನಲ್ಲಿ ಒಂದಕ್ಕಿಂತ ಹೆಚ್ಚು ಕೀವುಗುಳ್ಳೆಗಳಿದ್ದರೆ, ಅಂಗುಳದ ಒಂದು ಪಾರ್ಶ್ವ ಬಿಳಿಚಿಕೊಂಡಿದ್ದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಹೊಳ್ಳೆ ಕಟ್ಟಿದೆಯೇ, ಕಂದು ನೀರು ಸೋರುತ್ತದೆಯೇ, ರೆಪ್ಪೆ ಜೋತಿದೆಯೇ, ವಸ್ತು ಎರಡಾಗಿ ಕಾಣುತ್ತದೆಯೇ ಎಂದೂ ವಿಚಾರಿಸುತ್ತೇನೆ. ಎಕ್ಸ್‌ರೇ ನೋಡಿ ಸಮಾಧಾನಪಡುವಂತಿಲ್ಲ: ಮೂಳೆಯ ಖನಿಜಾಂಶ ಗಣನೀಯವಾಗಿ ಕರಗುವವರೆಗೆ ಅದರಲ್ಲಿ ಏನೂ ಕಾಣದು, ಆ ರೈತರ ಮೊದಲ ಎಕ್ಸ್‌ರೇಯೂ ಸ್ವಚ್ಛವಾಗಿಯೇ ಇತ್ತು.

ಅವರನ್ನು ಕಿವಿ-ಮೂಗು-ಗಂಟಲು ತಜ್ಞರಿರುವ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಿ ಸತ್ತ ಮಾಂಸದ ತುಣುಕನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಡ್ಡಗೋಡೆಗಳೇ ಅಪರೂಪವಾದ ಅಗಲ ರಿಬ್ಬನ್ನಿನಂಥ ಎಳೆಗಳು ಅದೇ ದಿನ ಸಿಕ್ಕವು. ಶಿಲೀಂಧ್ರನಾಶಕ ಔಷಧಿಯಾದ ಆಂಫೊಟೆರಿಸಿನ್ ಅನ್ನು ರಕ್ತನಾಳಕ್ಕೆ ಹನಿಸುತ್ತಲೇ ಸತ್ತ ಮೂಳೆಯನ್ನು ತೆಗೆದುಹಾಕಿದರು. ಕಣ್ಣು ಉಳಿಯಿತು, ಅಂಗುಳದ ಅರ್ಧ ಹೋಯಿತು. ಆ ರಂಧ್ರ ಮುಚ್ಚುವ ಪ್ಲೇಟನ್ನು ಸಡಿಲವಾದಾಗಲೆಲ್ಲ ಈಗ ನಾನೇ ಸರಿಪಡಿಸಿ ಕೊಡುತ್ತೇನೆ.

ಮರುವರ್ಷ ಇನ್ನೊಬ್ಬರು, ಅರವತ್ತು ದಾಟಿದ ತಾಯಿ, ಇದೇ ಬಗೆಯ ನೋವಿನೊಂದಿಗೆ ಬಂದರು. ಅಂಗುಳ ಬಿಳಿಚಿತ್ತು, ಕಪ್ಪೆಂಬುದೆಲ್ಲಿಯೂ ಇರಲಿಲ್ಲ, ಹತ್ತಿಯ ಎಳೆ ಎಡಗಲ್ಲಕ್ಕೆ ತಿಳಿಯಲಿಲ್ಲ. "ಹಲ್ಲು ಕಿತ್ತುಬಿಡ್ರಿ, ಊರಿಗೆ ಹೋಗೂದದ" ಎಂದು ಅವರ ಮಗ ಅವಸರಪಡಿಸಿದರು. ಸಕ್ಕರೆ ಪರೀಕ್ಷಿಸಿದೆ, 412 ತೋರಿಸಿತು. ಹಲ್ಲು ಮುಟ್ಟದೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ. ರೋಗದ ಹೆಸರಿನ ಕೆಳಗೆ 'ಇಂದೇ ನೋಡಬೇಕು' ಎಂದು ಬರೆದು ಗೆರೆ ಎಳೆದೆ, ಅವರು ಬಸ್ಸಿಗೆ ಹೊರಡುವಷ್ಟರಲ್ಲಿ ಅಲ್ಲಿನ ತಜ್ಞರಿಗೆ ಫೋನ್ ಮಾಡಿ ತಿಳಿಸಿದೆ.