ಆರು ನಿಮಿಷ ಓದು, ಆರು ನಿಮಿಷ ಏರು: ಲೀಡ್ ಸ್ಪರ್ಧೆಗೆ ತಯಾರಾಗುವ ಬಗೆ

ಗೋಡೆ ಹತ್ತುವುದು ಎಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಸರಸರ ಏರುವ ಜ್ಯೋತಿರಾಜ್. ಲೀಡ್ ಸ್ಪರ್ಧೆಯ, ಅಂದರೆ ಹಗ್ಗವನ್ನು ದಾರಿಯುದ್ದಕ್ಕೂ ಸಿಕ್ಕಿಸಿಕೊಳ್ಳುತ್ತಾ ಕೃತಕ ಗೋಡೆಯಲ್ಲಿ ಆದಷ್ಟು ಎತ್ತರ ಏರುವ ಸ್ಪರ್ಧೆಯ, ಲೆಕ್ಕ ಬೇರೆ. ಸೊಂಟಕ್ಕೆ ಹಗ್ಗ ಇರುತ್ತದೆ, ಬಿದ್ದರೆ ಸಾಮಾನ್ಯವಾಗಿ ಪೆಟ್ಟಾಗುವುದಿಲ್ಲ. ಆದರೆ ಸೆಮಿಫೈನಲ್ ಮತ್ತು ಫೈನಲ್‌ನ ಗೋಡೆಯನ್ನು ಸ್ಪರ್ಧಿಗಳಲ್ಲಿ ಯಾರೂ ಮೊದಲು ಹತ್ತಿರುವುದಿಲ್ಲ. ಸಿಗುವುದು ಒಂದೇ ಅವಕಾಶ, ಬಿದ್ದರೆ ಅಲ್ಲಿಗೆ ಮುಗಿಯಿತು. ಯಾವ ಹೋಲ್ಡ್‌ವರೆಗೆ (ಗೋಡೆಗೆ ಬಿಗಿದ ಹಿಡಿಕೆ) ಹೋದಿರೋ ಅದೇ ನಿಮ್ಮ ಅಂಕ. ಆ ಹೋಲ್ಡ್ ಹಿಡಿದು ಮುಂದಿನದರ ಕಡೆಗೆ ಹತೋಟಿಯಲ್ಲಿ ಚಲಿಸಿದ್ದರೆ ಜೊತೆಗೊಂದು ಪ್ಲಸ್.

ಈ ಪ್ಲಸ್ ಹೇಗೆ ಲೆಕ್ಕಕ್ಕೆ ಬರುತ್ತದೆ ಎನ್ನುವುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಅಲ್ಲಿ ಬೌಲ್ಡರಿಂಗ್‌ಗೆ (ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವುದು) 100, ಲೀಡ್‌ಗೆ 100 ಅಂಕ. ಲೀಡ್‌ನಲ್ಲಿ ಮೇಲಿನಿಂದ ಎಣಿಸಿ ಕೊನೆಯ ಹತ್ತು ಹೋಲ್ಡ್‌ಗೆ ತಲಾ 4, ಅದರ ಕೆಳಗಿನ ಹತ್ತಕ್ಕೆ ತಲಾ 3, ನಂತರದ ಹತ್ತಕ್ಕೆ 2, ಅದಕ್ಕೂ ಕೆಳಗಿನ ಹತ್ತಕ್ಕೆ 1. ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಲೀಡ್‌ನಲ್ಲಿ ಪಡೆದದ್ದು 84.1. ಬಿಡಿಸಿ ನೋಡಿದರೆ ಮೊದಲ ಮೂವತ್ತು ಹೋಲ್ಡ್‌ಗೆ 60, ಮೇಲಿನ ಹತ್ತರಲ್ಲಿ ಆರಕ್ಕೆ 24, ಉಳಿದ 0.1 ಆ ಪ್ಲಸ್. ಟೋಕಿಯೊದಲ್ಲೂ ಚಿನ್ನ ಗೆದ್ದವರು, 2019ರಲ್ಲಿ ಆ ಋತುವಿನ ಆರೂ ಬೌಲ್ಡರಿಂಗ್ ವಿಶ್ವಕಪ್‌ಗಳನ್ನು ಬಾಚಿಕೊಂಡವರು; ಅವರೂ ಅಲ್ಲಿ ತುದಿ ಮುಟ್ಟಲಿಲ್ಲ. ಹಾಗಾಗಿ ತಯಾರಿಯ ಗುರಿ ತುದಿಯಲ್ಲ. ಕೊನೆಯ ಹತ್ತು ಹೋಲ್ಡ್‌ಗೆ ಬರುವಾಗ ಮುಂಗೈಯಲ್ಲಿ ಜೀವ ಉಳಿದಿರಬೇಕು, ಅಷ್ಟೇ.

ಗೋಡೆಯನ್ನು ಓದುವುದು

ಸ್ಪರ್ಧಿಗಳನ್ನೆಲ್ಲ ಒಟ್ಟಿಗೆ ಕರೆತಂದು ಗೋಡೆ ನೋಡಲು ಆರು ನಿಮಿಷ ಕೊಡುತ್ತಾರೆ. ಆಮೇಲೆ ಎಲ್ಲರೂ ಐಸೊಲೇಶನ್ ಕೋಣೆಗೆ ವಾಪಸ್. ಫೋನ್ ಇಲ್ಲ, ಹೊರಗಿನವರ ಮಾತೂ ಇಲ್ಲ. ಬೈನಾಕ್ಯುಲರ್ ತರಬಹುದು, ಕೈಯಲ್ಲಿ ಚಿತ್ರ ಬರೆದುಕೊಳ್ಳಬಹುದು, ಎರಡೂ ಕಾಲು ನೆಲದ ಮೇಲಿದ್ದರೆ ಮೊದಲ ಹೋಲ್ಡ್ ಮುಟ್ಟಬಹುದು. ಫೋಟೊ, ವಿಡಿಯೊ ತೆಗೆಯುವಂತಿಲ್ಲ.

ಹೊಸಬರು ಕೆಳಗಿನಿಂದ ಶುರುಮಾಡಿ ಒಂದೊಂದೇ ಹೋಲ್ಡ್ ನೋಡುತ್ತಾ ಅರ್ಧ ಗೋಡೆಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಹೀಗೆ ಹಂಚಿಕೊಳ್ಳಿ. ಮೊದಲ ಒಂದು ನಿಮಿಷ ದೂರ ನಿಂತು ಇಡೀ ದಾರಿ ನೋಡಿ: ಕ್ವಿಕ್‌ಡ್ರಾ (ಹಗ್ಗ ಸಿಕ್ಕಿಸುವ ಕೊಂಡಿ) ಎಷ್ಟಿವೆ, ದಾರಿ ಎಲ್ಲಿ ಪಕ್ಕಕ್ಕೆ ಹೊರಳುತ್ತದೆ, ಕಾಲು ಊರಿ ಕೈ ಬಿಡುವಂಥ ಜಾಗ ಎಲ್ಲಿದೆ. ಮುಂದಿನ ಮೂರು ನಿಮಿಷ ಕೈಗಳ ಸರದಿಗೆ. ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಾ ಬಲ, ಎಡ ಎಂದು ಲೆಕ್ಕ ಹಾಕಿ. ಹೆಬ್ಬೆರಳು ಕೂರುವ ತಗ್ಗು ಯಾವ ಬದಿಗಿದೆ ನೋಡಿದರೆ ದಾರಿ ಕಟ್ಟಿದ ರೂಟ್ ಸೆಟ್ಟರ್ ಆ ಹೋಲ್ಡನ್ನು ಯಾವ ಕೈಗೆ ಇಟ್ಟಿದ್ದಾರೆ ಎನ್ನುವುದು ಬಹಳ ಸಲ ಗೊತ್ತಾಗುತ್ತದೆ. ಐದನೆಯ ನಿಮಿಷದಲ್ಲಿ ಗೋಡೆಯ ಎರಡೂ ಪಕ್ಕಕ್ಕೆ ನಡೆದು ಹೋಗಿ. ನೇರ ಕೆಳಗಿನಿಂದ ಬಟ್ಟಲಿನಂತೆ ಕಾಣುವ ಹೋಲ್ಡ್ ಪಕ್ಕದಿಂದ ನೋಡಿದಾಗ ಜಾರುಬಂಡೆ ಎಂದು ತಿಳಿಯುತ್ತದೆ. ವಾಲ್ಯೂಮ್‌ಗಳ, ಅಂದರೆ ಗೋಡೆಗೆ ಹೊಡೆದ ದೊಡ್ಡ ಮುಕ್ಕೋನ ಪೆಟ್ಟಿಗೆಗಳ, ಹಿಂದೆ ಅಡಗಿದ ಹೋಲ್ಡ್ ಕಾಣುವುದೂ ಆಗಲೇ. ಕೊನೆಯ ನಿಮಿಷ ಪೂರ್ತಿ ಕ್ಲಿಪ್‌ಗೆ, ಅಂದರೆ ಹಗ್ಗ ಸಿಕ್ಕಿಸುವುದಕ್ಕೆ: ಯಾವ ಕ್ವಿಕ್‌ಡ್ರಾವನ್ನು ಯಾವ ಹೋಲ್ಡ್ ಹಿಡಿದು, ಯಾವ ಕೈಯಿಂದ ಹಾಕಬೇಕು.

ಕೋಣೆಗೆ ಮರಳಿದ ಮೇಲೆ ಕಣ್ಣು ಮುಚ್ಚಿ ಇಡೀ ದಾರಿ ಹತ್ತಿ. ಇದು ಧ್ಯಾನವಲ್ಲ, ತಪಾಸಣೆ. ಎಲ್ಲಿ ಚಿತ್ರ ಮಸುಕಾಗುತ್ತದೋ ಅಲ್ಲಿ ಗೋಡೆಯ ಮೇಲೆಯೂ ತಡವರಿಸುತ್ತೀರಿ, ಅದಕ್ಕೆ ಇನ್ನೊಂದು ಉಪಾಯ ಈಗಲೇ ಹುಡುಕಿಡಿ. 2014ರಲ್ಲಿ ಒಂದೇ ವರ್ಷ ಲೀಡ್ ಮತ್ತು ಬೌಲ್ಡರಿಂಗ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದ ಜೆಕ್ ಗಣರಾಜ್ಯದ ಆಡಮ್ ಓಂಡ್ರಾ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ 'ಸೈಲೆನ್ಸ್' ಎಂಬ ದಾರಿಗೆ ತಯಾರಾದದ್ದೂ ಹೀಗೆ. ನೆಲದ ಮೇಲೆ ಮಲಗಿ, ಕೈಕಾಲು ಆಡಿಸುತ್ತಾ, ಪ್ರತಿ ಹಿಡಿತವನ್ನೂ ಮೈಗೆ ಕಲಿಸಿ, 2017ರ ಸೆಪ್ಟೆಂಬರ್ 3ರಂದು ಹತ್ತಿದರು. ಕಷ್ಟದ ಅಳತೆಯಲ್ಲಿ ಜಗತ್ತಿನ ಮೊದಲ 9ಸಿ ಅದು.

ಸಮಯದ ಲೆಕ್ಕ

ಹತ್ತಲು ಆರು ನಿಮಿಷ, ಅಂದರೆ 360 ಸೆಕೆಂಡು. ದಾರಿಯಲ್ಲಿ 45 ಕೈಚಲನೆ ಇದೆ ಅನ್ನಿ. ಒಂದಕ್ಕೆ ಸರಾಸರಿ 5 ಸೆಕೆಂಡಾದರೆ 225. ಹನ್ನೆರಡು ಕ್ಲಿಪ್‌ಗೆ ಮೂರು ಮೂರು ಸೆಕೆಂಡಿನಂತೆ 36. ವಿಶ್ರಾಂತಿಗೆ ಉಳಿಯುವುದು 99 ಸೆಕೆಂಡು. ಒಳ್ಳೆಯ ಎರಡು ಜಾಗದಲ್ಲಿ ಅದನ್ನು ಖರ್ಚು ಮಾಡಿ, ಕಂಡಕಂಡಲ್ಲಿ ಚಿಲ್ಲರೆ ಮಾಡಬೇಡಿ. ಕೆಟ್ಟ ಹೋಲ್ಡ್ ಹಿಡಿದು ನಿಂತು ಕೈ ಕೊಡವುವವರು ಬಿಟ್ಟ ಕೈಗೆ ಕೊಡುವ ಆರಾಮಕ್ಕಿಂತ ಹಿಡಿದ ಕೈಯಿಂದ ಕಳೆದುಕೊಳ್ಳುವುದೇ ಹೆಚ್ಚು.

ವಿಶ್ರಾಂತಿಯಲ್ಲಿ ಹಿಡಿದ ತೋಳು ನೇರವಾಗಿರಲಿ, ಸೊಂಟ ಗೋಡೆಗೆ ಅಂಟಿರಲಿ, ಭಾರ ಕಾಲಿಗೆ ಹೋಗಲಿ. ಬಿಟ್ಟ ಕೈಯನ್ನು ಒಮ್ಮೆ ಕೆಳಗೆ ಇಳಿಬಿಟ್ಟು, ಒಮ್ಮೆ ತಲೆಯ ಮೇಲೆತ್ತಿ ಕೊಡವಿ. ಉಸಿರನ್ನು ಉದ್ದವಾಗಿ ಹೊರಬಿಡಿ. ಉಸಿರು ಹಿಡಿತಕ್ಕೆ ಬಂತೆಂದರೆ ಹೊರಡುವ ಹೊತ್ತಾಯಿತು. ಮುಂಗೈ ಪೂರ್ತಿ ತಿಳಿಯಾಗಲಿ ಎಂದು ಕಾದರೆ ಆ ಗಳಿಗೆ ಬರುವುದೇ ಇಲ್ಲ.

ಕ್ಲಿಪ್

ಸ್ಪರ್ಧೆಯಲ್ಲಿ ಕೈಬಲವಿದ್ದೂ ಕ್ಲಿಪ್ ಕೈಕೊಡುವುದುಂಟು. ಕ್ವಿಕ್‌ಡ್ರಾಗಳನ್ನು ಸರದಿಯಂತೆಯೇ ಹಾಕಬೇಕು. ಒಂದನ್ನು ಬಿಟ್ಟು ಮುಂದೆ ಹೋದರೆ ನಿಲ್ಲಿಸಿಬಿಡುತ್ತಾರೆ. ಕ್ಯಾರಬೈನರ್‌ನ (ಕ್ವಿಕ್‌ಡ್ರಾದ ಲೋಹದ ಕೊಂಡಿ) ಬಾಯಿ ಹೆಬ್ಬೆರಳಿನ ಕಡೆಗಿದ್ದರೆ ನಡುಬೆರಳನ್ನು ಕೆಳಗಿನ ಬಾಗಿಗೆ ಸಿಕ್ಕಿಸಿ ಅಲುಗಾಡದಂತೆ ಜಗ್ಗಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹಗ್ಗವನ್ನು ಒಳಕ್ಕೆ ತಳ್ಳಿ. ಬಾಯಿ ಬೆರಳುಗಳ ಕಡೆಗಿದ್ದರೆ ಹೆಬ್ಬೆರಳಿನಿಂದ ಕ್ಯಾರಬೈನರ್‌ನ ಬೆನ್ನು ಹಿಡಿದು, ತೋರುಬೆರಳು ಮತ್ತು ನಡುಬೆರಳಿನ ಮೇಲೆ ಕೂತ ಹಗ್ಗವನ್ನು ಒತ್ತಿ. ಹಗ್ಗ ಯಾವಾಗಲೂ ಗೋಡೆಯ ಕಡೆಯಿಂದ ಬಂದು ನಿಮ್ಮ ಕಡೆಗೆ ಹೊರಡಬೇಕು. ತಿರುಗಾಮುರುಗಾ ಆದರೆ ಅದು ಬ್ಯಾಕ್‌ಕ್ಲಿಪ್, ಬಿದ್ದಾಗ ಹಗ್ಗ ಬಾಯಿಯ ಮೇಲೆಯೇ ಮಡಚಿ ಕಳಚಿಕೊಳ್ಳಬಹುದು. ಕ್ವಿಕ್‌ಡ್ರಾಗಳು ಹತ್ತಿರ ಹತ್ತಿರ ಇದ್ದಾಗ ಹಿಂದಿನದರ ಕೆಳಗಿನ ಹಗ್ಗವನ್ನು ಎತ್ತಿ ಹಾಕಿದರೆ ಜಡ್‌ಕ್ಲಿಪ್. ಹಗ್ಗ ಬಿಗಿದು ಮುಂದೆ ಒಂದಡಿಯೂ ಏರಲಾಗುವುದಿಲ್ಲ. ಸೊಂಟದ ಗಂಟಿನಿಂದಲೇ ಹಗ್ಗ ಹುಡುಕುವ ಅಭ್ಯಾಸವಿದ್ದರೆ ಇದು ಆಗದು.

ಕ್ವಿಕ್‌ಡ್ರಾ ತಲೆಯ ಮೇಲಿರುವಾಗ ಎಟುಕಿಸಿಕೊಂಡು ಹಾಕುವ ಆತುರ ಬೇಡ. ಎಳೆದ ಅಷ್ಟೂ ಹಗ್ಗ, ತಪ್ಪಿದರೆ, ನಿಮ್ಮ ಬೀಳುವಿಕೆಗೆ ಸೇರುತ್ತದೆ. ಎದೆ ಅಥವಾ ಸೊಂಟದ ಮಟ್ಟಕ್ಕೆ ಬರುವವರೆಗೆ ಏರಿ, ಒಳ್ಳೆಯ ಹೋಲ್ಡ್ ಹಿಡಿದು ಹಾಕಿ. ಯುದ್ಧಕಾಲೇ ಶಸ್ತ್ರಾಭ್ಯಾಸ ನಡೆಯದ ಜಾಗ ಇದು: ಮನೆಯ ಕಿಟಕಿ ಸರಳಿಗೆ ಕ್ವಿಕ್‌ಡ್ರಾ ನೇತುಹಾಕಿ, ಎರಡು ಮೀಟರ್ ಹಗ್ಗದಿಂದ, ದಿನಾ ಪ್ರತಿ ಕೈಗೆ 50 ಸಲ, ಬಾಯಿ ಎರಡೂ ಕಡೆಗೆ ತಿರುಗಿಸಿ, ಟಿವಿ ನೋಡುತ್ತಾ ಮಾಡಿ. ನೋಡದೆ ಹಾಕಲು ಬಂದಾಗ ಕಲಿತಂತೆ.

ಹನ್ನೆರಡು ವಾರ

ಮೊದಲ ನಾಲ್ಕು ವಾರ ತಾಳಿಕೆಗೆ. ವಾರಕ್ಕೆ ಎರಡು ಸಲ, ಸುಲಭದ ಗೋಡೆಯ ಮೇಲೆ 20ರಿಂದ 30 ನಿಮಿಷ ನೆಲಕ್ಕಿಳಿಯದೆ ಅಡ್ಡಡ್ಡ, ಮೇಲೆ ಕೆಳಗೆ ಹತ್ತುತ್ತಿರಿ. ಮಾತಾಡುವಷ್ಟು ಉಸಿರು ಇರಬೇಕು. ಮುಂಗೈ ಕಲ್ಲಾಯಿತೆಂದರೆ ದಾರಿ ಕಷ್ಟದ್ದಾಯಿತು ಎಂದರ್ಥ, ಇನ್ನೂ ಸುಲಭದ್ದಕ್ಕೆ ಬದಲಿಸಿ.

ಮುಂದಿನ ನಾಲ್ಕು ವಾರ ಬೆರಳಿಗೆ. 20 ಮಿಲಿಮೀಟರ್ ಅಂಚಿನ ಹ್ಯಾಂಗ್‌ಬೋರ್ಡ್‌ನಲ್ಲಿ, ಅಂದರೆ ಬೆರಳಿನಿಂದ ಜೋತುಬೀಳುವ ಹಲಗೆಯಲ್ಲಿ, 10 ಸೆಕೆಂಡು ತೂಗಿ, 3 ನಿಮಿಷ ಬಿಡುವು, ಹೀಗೆ ಐದು ಸಲ. ವಾರಕ್ಕೆ ಎರಡೇ ದಿನ, ಮೈ ಬೆಚ್ಚಗಾದ ಮೇಲೆ. ಗೆಣ್ಣು 90 ಡಿಗ್ರಿ ಬಾಗಿದ ಹಾಫ್ ಕ್ರಿಂಪ್ ಸಾಕು. ಹೆಬ್ಬೆರಳನ್ನು ಮೇಲೆ ಬಿಗಿದ ಫುಲ್ ಕ್ರಿಂಪ್‌ನಲ್ಲಿ ತೂಗಿದರೆ ಬೆರಳ ಬುಡದ ಎ2 ಪುಲ್ಲಿಯ, ಅಂದರೆ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಯ, ಮೇಲೆ ಭಾರ ಬೀಳುತ್ತದೆ. 'ಟಪ್' ಎಂದು ಸದ್ದಾಗಿ ಬುಡ ಊದಿಕೊಂಡರೆ ಅಂದೇ ನಿಲ್ಲಿಸಿ ಕೈ ತಜ್ಞರ ಹತ್ತಿರ ಹೋಗಿ. ಹದಿಹರೆಯದವರಿಗೆ ಇದೆಲ್ಲ ಬೇಡವೇ ಬೇಡ: ಬೆಳೆಯುವ ವಯಸ್ಸಿನಲ್ಲಿ ಬೆರಳ ನಡುಗೆಣ್ಣಿನ ಬೆಳವಣಿಗೆಯ ತಟ್ಟೆ ಬಿರುಕು ಬಿಡಬಹುದು. ಆ ಗೆಣ್ಣು ವಾರವಿಡೀ ನೋಯುತ್ತಿದ್ದರೆ ಉಳುಕು ಎಂದು ಸುಮ್ಮನಾಗದೆ ಎಕ್ಸ್‌ರೇ ಮಾಡಿಸಿ.

ಕೊನೆಯ ನಾಲ್ಕು ವಾರ ಎರಡನ್ನೂ ಬೆಸೆಯುವುದು. ನಾಲ್ಕು ಬೌಲ್ಡರ್ ಸಾಲಾಗಿ ಬಿಡುವಿಲ್ಲದೆ, ನಾಲ್ಕು ನಿಮಿಷ ವಿಶ್ರಾಂತಿ, ಮತ್ತೆ ಅದೇ. ಒಟ್ಟು ನಾಲ್ಕು ಸುತ್ತು. ಸ್ಪರ್ಧೆಗೆ ಒಂದು ವಾರ ಇರುವಾಗ ಅರ್ಧಕ್ಕೆ ಇಳಿಸಿ.

ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಪಳಗಿದವರಿಗೆ ಒಂದು ಮಾತು. 'ಗಣೇಶ'ದಂಥ 8ಬಿ+ ದಾರಿ ಇರುವ ಊರು ಅದು, ಬೆರಳು ಮತ್ತು ಪಾದದ ನಯ ಕಲಿಯಲು ಚಳಿಗಾಲದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ಆದರೆ ಸ್ಪರ್ಧೆಯ ಗೋಡೆ ಮುಂದಕ್ಕೆ ಬಾಗಿರುತ್ತದೆ, ವಾಲ್ಯೂಮ್‌ಗಳ ಮೇಲೆ ಜಿಗಿಯಬೇಕಾಗುತ್ತದೆ. ವಾರಕ್ಕೆ ಎರಡು ದಿನವಾದರೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿರುವಂಥ ಕೃತಕ ಗೋಡೆ ಬೇಕೇ ಬೇಕು.

ತೂಕ ಇಳಿಸಿದರೆ ಮೇಲೇರಬಹುದು ಎಂಬ ಆಸೆಗೆ ಬೀಳಬೇಡಿ. ಗಾರ್ನ್‌ಬ್ರೆಟ್ ಇದರ ವಿರುದ್ಧ ಬಹಿರಂಗವಾಗಿಯೇ ಮಾತಾಡಿದ್ದಾರೆ. ಊಟ ಸಾಲದ ಮೈಗೆ ಮೂಳೆ ಬಿರುಕು, ಮುಟ್ಟು ನಿಲ್ಲುವುದು ಎಲ್ಲವೂ ಕಾದಿರುತ್ತವೆ.

ಆ ದಿನ

ನಿಮ್ಮ ಸರದಿಗೆ ಒಂದೂವರೆ ಗಂಟೆ ಮುಂಚೆ ಶುರುಮಾಡಿ. 15 ನಿಮಿಷ ಓಟ, ಭುಜ ಮತ್ತು ಬೆರಳ ಚಲನೆ. ನಂತರ 20 ನಿಮಿಷ ಸುಲಭದ ಹತ್ತುವಿಕೆ. ಸರದಿಗೆ 40 ನಿಮಿಷ ಇರುವಾಗ ಮುಂಗೈ ಒಮ್ಮೆ ಹದವಾಗಿ ಬಿಗಿಯುವಷ್ಟು ಹತ್ತಿ, ಆಮೇಲೆ ಬಿಟ್ಟುಬಿಡಿ. ಇದನ್ನು ತಪ್ಪಿಸಿ ತಣ್ಣನೆಯ ಕೈಯಲ್ಲಿ ಗೋಡೆಗೆ ಹೋದವರ ಮುಂಗೈ ಹತ್ತನೆಯ ಹೋಲ್ಡ್‌ನಲ್ಲೇ ಮರಗಟ್ಟುತ್ತದೆ. ಆ ಬಿಗಿತ ಅವತ್ತಿಗೆ ಪೂರ್ತಿ ಇಳಿಯುವುದಿಲ್ಲ. ಅಂಗೈ ಬೆವರುವವರು ಮೊದಲು ದ್ರವ ಚಾಕ್ ಹಚ್ಚಿ ಒಣಗಿಸಿ, ಅದರ ಮೇಲೆ ಪುಡಿ ಹಾಕಿ. ಬಿಗಿ ಶೂ ಕೊನೆಯ ಐದು ನಿಮಿಷದಲ್ಲಿ ಸಾಕು, ಅಡಿಯನ್ನು ಒರೆಸಿ ಹೊರಡಿ.

ಗೋಡೆಯ ಮೇಲೆ ನೀವು ಓದಿದ್ದು ತಪ್ಪೆಂದು ಗೊತ್ತಾದರೆ ಹೋಲ್ಡ್ ಹಿಡಿದು ಯೋಚಿಸುತ್ತಾ ನಿಲ್ಲಬೇಡಿ. ಕೈ ಬದಲಿಸಲು ಜಾಗವಿದ್ದರೆ ಬದಲಿಸಿ, ಇಲ್ಲದಿದ್ದರೆ ಹಿಂದಿನ ಒಳ್ಳೆಯ ಹೋಲ್ಡ್‌ಗೆ ಇಳಿದು ನೋಡಿ. ಅದೂ ಆಗದಿದ್ದರೆ ಮುಂದಿನ ಹೋಲ್ಡ್‌ನತ್ತ ಮನಸ್ಸಿಟ್ಟು ಜಿಗಿಯಿರಿ. ಕೈ ಸೋತು ಸುಮ್ಮನೆ ಕಳಚಿ ಬಿದ್ದವರಿಗೆ ಆ ಪ್ಲಸ್ ಸಿಗುವುದಿಲ್ಲ.

ಕೆಳಗಿಳಿದ ಮೇಲೆ, ಬೇರೆಯವರು ಹತ್ತುವುದನ್ನು ನೋಡುವ ಮೊದಲೇ, ಮೂರು ಸಾಲು ಬರೆದಿಡಿ: ಎಷ್ಟನೆಯ ಹೋಲ್ಡ್, ಎಷ್ಟನೆಯ ನಿಮಿಷ, ಸೋತದ್ದು ಮುಂಗೈಯೋ, ಕಾಲೋ, ಓದೋ. ಇನ್ನೊಬ್ಬರನ್ನು ನೋಡಿದ ಮೇಲೆ ಎಲ್ಲರಿಗೂ ಕಾರಣ ಒಂದೇ ಕಾಣುತ್ತದೆ, "ನನಗೆ ಬಲ ಸಾಲದು" ಎಂದು.